ಹತ್ತನೇ ಅಭ್ಯಾಸ

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿ ಕೂತಿರುವ ಯಮುನಮ್ಮನವರ ಯಜಮಾನರು ಆನಂದಪ್ಪನವರೆ, ಮಗಳು ಮೇಘನಾ, ಬೆಳಗಿನ ಬಸ್ಸಿಗೇ ಹೊರಟು ಜಡೆ ಊರಿನಿಂದ ಬಂದಿರುವ ಬಂಧುಗಳೆ, ನಮ್ಮ ಮುಖ್ಯೋಪಾಧ್ಯಾಯರೆ, ಸಹೋದ್ಯೋಗಿಗಳೆ, ಮಕ್ಕಳೆ — ಹಾಗೇ ಶಿಕಾರಿಪುರದಿಂದ ಬಂದು ಬಾಗಿಲ ಹತ್ತಿರವೇ ನಿಂತುಬಿಟ್ಟಿರುವ ಚನ್ನೇಶ್, ವೀರಬಸಪ್ಪನವರೆ — ಒಳಗೆ ಬನ್ನಿ, ಕುರ್ಚಿ ಇವೆ. ಇವತ್ತು ನಾನು ಹೇಳಬೇಕಾದ್ದರಲ್ಲಿ ಅರ್ಧ ನಿಮಗೇ ಹೇಳಬೇಕಾದ್ದು.

ನಾನು ಈ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಇವತ್ತು ನಾವು ನೆನೆಯಲು ಸೇರಿರುವ ಯಮುನಮ್ಮನವರು ಹೊಲಿಗೆ ಕಲಿಸುತ್ತಿದ್ದರು. ಹದಿನಾಲ್ಕು ವರ್ಷ ಒಂದೇ ಸ್ಟಾಫ್ ರೂಮು, ಒಂದೇ ಕಿಟಕಿ. ಮಕ್ಕಳು ನನ್ನನ್ನು ಇಂಗ್ಲಿಷ್ ಮೇಡಂ ಅನ್ನುತ್ತಾರೆ. ಅವರನ್ನು ಹೊಲಿಗೆ ಅಕ್ಕೋರು ಅನ್ನುತ್ತಿದ್ದರು. ಮೇಡಂ ಬಂದರೆ ಮಕ್ಕಳು ಎದ್ದು ನಿಲ್ಲುತ್ತಾರೆ. ಅಕ್ಕೋರು ಬಂದರೆ ಓಡಿ ಹತ್ತಿರ ಹೋಗುತ್ತಿದ್ದರು. ಈ ವ್ಯತ್ಯಾಸ ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ದಿನಾ ಗೊತ್ತಾಗುತ್ತಿತ್ತು.

ಮುಖ್ಯೋಪಾಧ್ಯಾಯರು ಈಗ ತಾನೆ ಹೇಳಿದರು — ‘ಇಬ್ಬರೂ ಗೆಳತಿಯರು, ಅದಕ್ಕೇ ಮೇಡಂ ಮಾತಾಡಲಿ’ ಎಂದು. ಗೆಳತಿ — ಹೌದು. ಸುಳ್ಳಲ್ಲ. ಆದರೆ ಬರೀ ಅಷ್ಟನ್ನೇ ಹೇಳಿ ಕೂತುಬಿಟ್ಟರೆ ಸುಳ್ಳಾಗುತ್ತದೆ. ನನಗೆ ಅವರ ಮೇಲೆ ಹೊಟ್ಟೆಕಿಚ್ಚಿತ್ತು. ದೊಡ್ಡ ಮಾತು ಬೇಡ, ಸಣ್ಣ ಮಾತಿನಲ್ಲೇ ಹೇಳುತ್ತೇನೆ — ಹೊಟ್ಟೆಕಿಚ್ಚು. ಈಗ ಈ ಹಾಲಿಗೆ ಕಾಲಿಟ್ಟಾಗ ಇಷ್ಟು ಜನ ಸೇರಿದ್ದು ಕಂಡಿತು. ಉಳವಿಯಿಂದ ಬಂದ ತಾಯಂದಿರು ಕಿಟಕಿಯ ಹೊರಗೆ ನಿಂತಿದ್ದಾರೆ. ಆಗಲೂ ನನ್ನ ಮನಸ್ಸಿಗೆ ಮೊದಲು ಬಂದ ಯೋಚನೆ ಏನು ಗೊತ್ತೆ? — ನನಗೆ ಇಷ್ಟು ಜನ ಬರುತ್ತಾರಾ? ಸತ್ತವರ ಮೇಲೂ ಇದನ್ನು ಬಿಡಲಾರದ ಮನಸ್ಸು ಎಂಥದ್ದು ಎಂದು ನನ್ನನ್ನು ನಾನೇ ಕೇಳಿಕೊಂಡೇ ಈ ಮೆಟ್ಟಿಲು ಹತ್ತಿದ್ದು.

ನಿಮ್ಮಲ್ಲಿ ಬಹಳ ಜನಕ್ಕೆ ಯಮುನಮ್ಮ ಅಂದರೆ ರವಿಕೆಯ ಕಟಿಂಗು, ಶಾಲಾ ವಾರ್ಷಿಕೋತ್ಸವದ ವೇಷಭೂಷಣ. ಎರಡು ವರ್ಷ ಪ್ರತಿ ಭಾನುವಾರ ಅವರು ಶಿಕಾರಿಪುರಕ್ಕೆ ಹೋಗಿ ಏನು ಮಾಡುತ್ತಿದ್ದರು ಎನ್ನುವುದು ಗೊತ್ತಿರುವವರು ಕಡಿಮೆ. ಆನಂದಪ್ಪನವರೇ ಒಮ್ಮೆ ನನ್ನನ್ನು ಕೇಳಿದ್ದರು — ‘ಎಂತ ಮೇಡಂ, ಇವಳು ಅಲ್ಲಿ ಚೆಂಡು ಆಡೋಕೆ ಹೋಗ್ತಾಳಂತೆ, ಹೌದಾ?’

ಹೌದು, ಆನಂದಪ್ಪನವರೆ. ಚೆಂಡು ಆಡೋಕೇ.

ತೊಂಬತ್ತಾರರ ಜೂನ್. ಚನ್ನೇಶ್ ಶಿಕಾರಿಪುರದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟು ಒಂದು ವರ್ಷವಾಗಿತ್ತು. ವಾರವೆಲ್ಲ ಮದುವೆ ಕಾರ್ಡು, ಕರಪತ್ರ. ಭಾನುವಾರ ಅಂಗಡಿ ಮುಚ್ಚಿ, ಒಳಗೆ ಅದೇ ಕಂಪ್ಯೂಟರಿನಲ್ಲಿ ಬೊಂಬೆ ಕುಣಿಸುವ ಹುಚ್ಚು. ಅನಿಮೇಶನ್. ಒಂದರ ಹಿಂದೆ ಒಂದು ಚಿತ್ರ ಬರೆಯುವುದು, ಪ್ರತಿಯೊಂದರಲ್ಲೂ ಒಂದಿಷ್ಟೇ ಬದಲಾವಣೆ, ಸೆಕೆಂಡಿಗೆ ಹನ್ನೆರಡು ಚಿತ್ರದಂತೆ ಓಡಿಸಿದರೆ ಬೊಂಬೆ ನಡೆಯುತ್ತದೆ. ಆ ಹುಚ್ಚಿಗೆ ಮೊದಲು ಬಿದ್ದವರು ವೀರಬಸಪ್ಪನವರು — ಬೀಜ ಗೊಬ್ಬರದ ಅಂಗಡಿಯವರು, ಮೊಮ್ಮಕ್ಕಳಿಗಿಂತ ಹೆಚ್ಚು ಕಾರ್ಟೂನು ನೋಡುವವರು. ಆಮೇಲೆ ನಾನು. ನನ್ನನ್ನು ಕರೆದದ್ದು ಒಂದು ಕಾರಣಕ್ಕೆ. ಚನ್ನೇಶನ ಹತ್ತಿರ ಒಂದು ಅಭ್ಯಾಸದ ಪುಸ್ತಕವಿತ್ತು, ಯಾರೋ ಶಿವಮೊಗ್ಗದಿಂದ ಜೆರಾಕ್ಸ್ ಮಾಡಿಸಿ ತಂದದ್ದು, ಪೂರ್ತಿ ಇಂಗ್ಲಿಷ್. ನಾನು ಕಾನ್ವೆಂಟಿನಲ್ಲಿ ಓದಿದವಳು. ನಾನು ಓದಿ ಕನ್ನಡದಲ್ಲಿ ಹೇಳಬೇಕು, ಎಲ್ಲರೂ ಮಾಡಬೇಕು. ವೀರಬಸಪ್ಪನವರು ಅನ್ನೋರು — ‘ಮೇಡಂ ಓದದೆ ಇಲ್ಲಿ ಹುಲ್ಲುಕಡ್ಡಿ ಅಲುಗಂಗಿಲ್ಲ.’ ಆ ಮಾತು ನನಗೆ ಎಷ್ಟು ಹಿತವಾಗಿತ್ತು ಎಂದು ಈಗ ಹೇಳಲು ನಾಚಿಕೆ.

ಯಮುನಮ್ಮನವರನ್ನು ಕರೆದುಕೊಂಡು ಹೋದವಳೂ ನಾನೇ. ಬಸ್ಸಿನಲ್ಲಿ ಜೊತೆಗಿರಲಿ ಎಂದು. ಅಷ್ಟೇ. ಕಲಿಯಲಿ ಎಂದಲ್ಲ.

ಮೊದಲನೇ ಅಭ್ಯಾಸ, ಚೆಂಡು. ಮೇಲಿಂದ ಬೀಳಬೇಕು, ಪುಟಿಯಬೇಕು, ನಿಲ್ಲಬೇಕು. ನಾನು ಓದಿ ಹೇಳಿದೆ. ಹಿಂದಿನ ಸ್ಟೂಲಿನಿಂದ ಯಮುನಮ್ಮನ ಪ್ರಶ್ನೆ ಬಂತು — ‘ಎಂತ ಚೆಂಡು ಮೇಡಂ? ಬಟ್ಟೆ ಚೆಂಡಾ, ರಬ್ಬರ್ ಚೆಂಡಾ?’

‘ಪುಸ್ತಕದಲ್ಲಿ ಬರೀ ಚೆಂಡು ಅಂತಿದೆ ರೀ.’

‘ಬರೀ ಚೆಂಡು ಹೆಂಗೆ ಬೀಳ್ತದೆ?’

ನಾನು ನಕ್ಕೆ. ನನ್ನ ಚೆಂಡು ಮಾಡಿದೆ, ಅಚ್ಚುಕಟ್ಟಾಗಿ — ಪ್ರತಿ ಚಿತ್ರಕ್ಕೂ ಸಮ ಅಂತರ ಬಿಟ್ಟು, ಅಳೆದು. ಓಡಿಸಿದೆವು. ವೀರಬಸಪ್ಪನವರು ಸ್ವಲ್ಪ ಹೊತ್ತು ನೋಡಿದರು. ‘ಮೇಡಂ, ತಪ್ಪು ತಿಳೀಬೇಡ್ರಿ. ನಿಮ್ಮ ಚೆಂಡು ಬೀಳಾಕತ್ತಿಲ್ಲ. ಶಿವಮೊಗ್ಗದ ಆಸ್ಪತ್ರೆ ಲಿಫ್ಟ್‌ನಾಗೆ ಕುಂತು ಇಳೀತೈತೆ.’

ಎಲ್ಲರೂ ನಕ್ಕರು. ಯಮುನಮ್ಮ ನಗಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಚೀಲದಿಂದ ಒಂದು ಬಟ್ಟೆಯ ಚೂರು ತೆಗೆದರು, ಸೂಜಿಗೆ ಕೆಂಪು ದಾರ ಪೋಣಿಸಿದರು. ಆ ರಸ್ತೆ ನಿಮಗೆ ಗೊತ್ತು, ಆ ಕುಲುಕಾಟದಲ್ಲಿ! ಬಟ್ಟೆಯ ಮೇಲೆ ಚೆಂಡಿನ ದಾರಿಯನ್ನು — ಹೀಗೆ, ಕಮಾನಿನ ಹಾಗೆ — ಹೊಲಿಯುತ್ತಾ ಹೋದರು. ‘ನೋಡಿ ಮೇಡಂ. ಮೇಲೆ ಹೋದಂಗೆ ಚೆಂಡಿಗೆ ಸುಸ್ತು. ಅಲ್ಲಿ ಸಣ್ಣ ಸಣ್ಣ ಹೊಲಿಗೆ, ಹತ್ತಿರ ಹತ್ತಿರ. ಕೆಳಗೆ ಬರೋವಾಗ ಅದಕ್ಕೆ ಅವಸರ. ಅಲ್ಲಿ ಕಚ್ಚಾ ಹೊಲಿಗೆ, ಉದ್ದುದ್ದ. ಹಿಂಗೆ ಮಾಡಿದ್ರೆ ಬೀಳ್ತದಲ್ದಾ?’

ಅದು ಆ ಪುಸ್ತಕದ ಮೂರನೇ ಪುಟದಲ್ಲಿತ್ತು. ನಾನು ಅದನ್ನು ಓದಿದ್ದೆ, ಎರಡು ಸಲ. ಪದಗಳ ಅರ್ಥ ಎಲ್ಲ ಗೊತ್ತಿತ್ತು. ಹೇಳಿದ್ದೇನು ಎಂದು ಗೊತ್ತಾಗಿರಲಿಲ್ಲ. ಅವತ್ತು ನಮ್ಮ ಸೊರಬ ಬರುವ ತನಕ ನಾನು ಕಿಟಕಿಯ ಆಚೆ ನೋಡುತ್ತಾ ಕೂತೆ.

ಮುಂದಿನ ಭಾನುವಾರ ಅವರು ದರ್ಜಿಯ ಸೀಮೆಸುಣ್ಣ ತಂದರು. ನೇರ ಹೋಗಿ ಕಂಪ್ಯೂಟರಿನ ಗಾಜಿನ ಮೇಲೆ ಗುರುತು ಹಾಕಿದರು! ಚನ್ನೇಶ್ ಎದೆ ಹಿಡಿದುಕೊಂಡ — ‘ಅಕ್ಕೋರೇ, ಗ್ಲಾಸು! ಗ್ಲಾಸು!’ ‘ಒರೆಸಿದ್ರೆ ಹೋಗ್ತದೆ ಮಾರಾಯ, ಮದುವೆ ಸೀರೆ ಮೇಲೇ ಹಾಕ್ತೀವಿ.’ ಆಮೇಲೆ ಅದೇ ನಮ್ಮ ಪದ್ಧತಿಯಾಯಿತು. ಮೊದಲು ಗಾಜಿನ ಮೇಲೆ ಸುಣ್ಣದ ಚುಕ್ಕೆ, ಆಮೇಲೆ ಚುಕ್ಕೆಗೊಂದು ಚಿತ್ರ.

ಅದರಲ್ಲಿ ಒಂದು ಫಜೀತಿಯೂ ಆಯಿತು. ಒಂದು ವಾರ ಯಮುನಮ್ಮ ಚುಕ್ಕೆ ಹಾಕಿದರು, ವೀರಬಸಪ್ಪನವರು ಚಿತ್ರ ಕೂರಿಸಿದರು. ಓಡಿಸಿದರೆ ಲೋಲಕ ಗಡಿಯಾರ ಬಿಟ್ಟು ಹೊರಗೆ ತೂಗುತ್ತಿದೆ! ಇಬ್ಬರಿಗೂ ಜಗಳ. ‘ನಿಮ್ಮ ಚುಕ್ಕೆ ಸೊಟ್ಟ ಅದಾವು.’ ‘ನಿಮ್ಮ ಕಣ್ಣು ಸೊಟ್ಟ.’ ಒಂದು ಗಂಟೆಯಾದ ಮೇಲೆ ಗೊತ್ತಾಯಿತು — ಚುಕ್ಕೆ ಇರುವುದು ಗಾಜಿನ ಹೊರಗೆ, ಚಿತ್ರ ಇರುವುದು ಗಾಜಿನ ಒಳಗೆ. ವೀರಬಸಪ್ಪನವರು ಆರಡಿ, ಯಮುನಮ್ಮ ನೋಡಿದರೆ ಇಷ್ಟೇ. ಯಮುನಮ್ಮ ಕೂತು ಹಾಕಿದ ಚುಕ್ಕೆ ವೀರಬಸಪ್ಪನವರ ಕಣ್ಣಿಗೆ ಒಂದು ಬೆರಳು ಕೆಳಗೆ. ಅವತ್ತಿನಿಂದ ಒಂದು ಕಾಯಿದೆ — ಒಂದೇ ಸ್ಟೂಲು, ಒಂದು ಕಣ್ಣು ಮುಚ್ಚಬೇಕು, ಮತ್ತೆ ಉದ್ದ ಇದ್ದವರು ಬಗ್ಗಿ ಯಮುನಮ್ಮನ ಎತ್ತರಕ್ಕೆ ಬರಬೇಕು.

ಯಮುನಮ್ಮನ ಎತ್ತರಕ್ಕೆ. ನಗುವಿನ ಮಾತೇ. ಆದರೆ ನಾನೂ ಬಗ್ಗಬೇಕಾಗಿತ್ತು.

ಹೀಗೆ ಒಂದೊಂದೇ ಅಭ್ಯಾಸ. ಲೋಲಕ. ಬೀಳುವ ಎಲೆ. ಹಿಟ್ಟಿನ ಮೂಟೆ ನೆಗೆಯುವುದು. ತಲೆ ತಿರುಗಿಸುವುದು. ನಡಿಗೆ. ಓದುವವಳು ನಾನು, ಮೊದಲು ಮಾಡುವವರು ಅವರು. ಎಷ್ಟು ಸಲ ಆಯಿತೆಂದರೆ, ಚನ್ನೇಶ್ ನಾನು ಓದುವಾಗಲೇ ಅವರ ಮುಖ ನೋಡಲು ಶುರುಮಾಡಿದ. ನಾನು ಓದಿದ್ದು ಸರಿಯೋ ಎಂದು ಅವರ ಮುಖದಲ್ಲಿ ನೋಡುತ್ತಿದ್ದ. ಚನ್ನೇಶ್, ನಿನ್ನ ತಪ್ಪಲ್ಲ ಅದು. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ನೋಡುತ್ತಿದ್ದೆ. — ನಾನೂ ಹಾಗೇ ನೋಡುತ್ತಿದ್ದೆ.

ನಾನು ಪರೀಕ್ಷೆಯಲ್ಲಿ ಯಾರಿಗೂ ಸೋತವಳಲ್ಲ. ಗೊತ್ತಿಲ್ಲ ಎಂದು ಕೇಳುವ ಅಭ್ಯಾಸವೂ ನನಗಿರಲಿಲ್ಲ. ಅವರು ಕೇಳುತ್ತಿದ್ದರು, ಎಲ್ಲರ ಎದುರು, ಯಾವ ಸಂಕೋಚವೂ ಇಲ್ಲದೆ. ನನಗೆ ಅವರ ಕೈಚಳಕಕ್ಕಿಂತ ಹೆಚ್ಚು ಹೊಟ್ಟೆಕಿಚ್ಚು ತಂದದ್ದು ಬಹುಶಃ ಅದು.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಸ್ವಲ್ಪ ನೀರು ಕುಡಿಯುತ್ತೇನೆ — ಹ್ಞಾಂ.

ತೊಂಬತ್ತೇಳರ ಕೊನೆ. ಒಂಬತ್ತನೇ ಅಭ್ಯಾಸ ಮುಗಿದಿತ್ತು. ಮುದುಕನೊಬ್ಬ ಮೂಟೆ ಎತ್ತುವುದು. ಯಮುನಮ್ಮನ ಮುದುಕ ಎತ್ತುವ ಮೊದಲು ಮೂಟೆಯ ಸುತ್ತ ಒಂದು ಸುತ್ತು ಬಂದು ನೋಡುತ್ತಿದ್ದ. ವೀರಬಸಪ್ಪನವರು ‘ನಮ್ಮ ಅಂಗಡಿ ಹಮಾಲರು ಹಿಂಗೇ ಮಾಡ್ತಾರ್ರೀ!’ ಎಂದು ಅದನ್ನು ಆರು ಸಲ ಹಾಕಿಸಿ ನೋಡಿದರು. ನನ್ನ ಮುದುಕನನ್ನು ಒಂದು ಸಲ. ಆಗಲೇ ನಿರ್ಧಾರವಾದದ್ದು — ಜನವರಿಯಲ್ಲಿ ಇದೇ ಹಾಲಿನಲ್ಲಿ, ಮಕ್ಕಳಿಗೆ ಮತ್ತು ಪೋಷಕರಿಗೆ, ಪ್ರತಿಯೊಬ್ಬರೂ ಅರ್ಧ ನಿಮಿಷದ್ದು ಒಂದೊಂದು ಮಾಡಿ ತೋರಿಸಬೇಕು ಎಂದು.

ನಾನು ಓದಿ ತಯಾರಾಗಲೆಂದು ಪುಸ್ತಕ ನನ್ನ ಮನೆಯಲ್ಲೇ ಇರುತ್ತಿತ್ತು. ಕೊನೆಯ ಹಾಳೆಯಲ್ಲಿ ಹತ್ತನೇ ಅಭ್ಯಾಸವಿತ್ತು. ಅರ್ಧ ಪುಟ. ತಲೆಬರಹ — ಸುಮ್ಮನೆ ನಿಂತಿರುವ ಮನುಷ್ಯ. ನಾನು ಓದಿದೆ. ಓದಿ, ಆ ಹಾಳೆಯನ್ನು ಪಿನ್ನಿನಿಂದ ಬಿಡಿಸಿ, ನನ್ನ ನಿಘಂಟಿನೊಳಗೆ ಇಟ್ಟೆ.

ಭಾನುವಾರ ಹೋಗಿ ‘ಪುಸ್ತಕ ಮುಗಿಯಿತು’ ಎಂದೆ.

ಬಸ್ಸಿನಲ್ಲಿ ಯಮುನಮ್ಮ ಕೇಳಿದರು — ‘ಒಂಬತ್ತಕ್ಕೇ ಮುಗೀತಾ ಮೇಡಂ?’

‘ಮುಗೀತು ರೀ.’

ಅವರು ಟಿಕೆಟು ಮಡಚಿ ಚೀಲಕ್ಕೆ ಹಾಕುತ್ತಾ — ‘ಹಂಗಾದ್ರೆ ಹತ್ತನೇದು ನಾವೇ ಮಾಡ್ಬೇಕು ಬಿಡಿ.’

ನಾನು ಅದನ್ನು ಬರೀ ಮಾತು ಎಂದುಕೊಂಡೆ.

ಜನವರಿ ಬಂತು. ಚನ್ನೇಶ್ ಕಂಪ್ಯೂಟರನ್ನು ಜಮಖಾನದಲ್ಲಿ ಸುತ್ತಿ, ವೀರಬಸಪ್ಪನವರ ಟೆಂಪೋದಲ್ಲಿ ಗೊಬ್ಬರದ ಚೀಲಗಳ ನಡುವೆ ಕೂರಿಸಿಕೊಂಡು ತಂದದ್ದು ನಿಮಗೆ ನೆನಪಿರಬಹುದು. ಪುಟ್ಟ ಪರದೆ, ಮಕ್ಕಳು ನೆಲದ ಮೇಲೆ, ದೊಡ್ಡವರು ಹಿಂದೆ ಒಬ್ಬರ ಭುಜದ ಮೇಲೆ ಒಬ್ಬರು. ನನ್ನದು ಒಬ್ಬ ಟೀಚರ್ ತರಗತಿಯ ಎದುರು ನಿಂತಿರುವುದು. ಬಚ್ಚಿಟ್ಟ ಹಾಳೆಯಲ್ಲಿ ಹೇಗೆ ಹೇಳಿತ್ತೋ ಹಾಗೇ ಮಾಡಿದ್ದೆ. ಉಸಿರಿಗೆ ಭುಜ ಮೇಲೆ, ಭುಜ ಕೆಳಗೆ, ಸರಿಯಾಗಿ ಲೆಕ್ಕ ಹಾಕಿ. ಮುಂದಿನ ಸಾಲಿನ ಒಬ್ಬಳು ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಿಸಿತು — ‘ಮೇಡಮ್ಮಿಗೆ ಯಾರೋ ಸೈಕಲ್ ಪಂಪು ಹೊಡೀತಿದಾರೆ ಕಣೇ.’

ಆಮೇಲೆ ಯಮುನಮ್ಮನದು. ಒಬ್ಬ ಹೆಂಗಸು ಬಸ್ಸಿಗೆ ಕಾಯುತ್ತಿದ್ದಾಳೆ. ಅಷ್ಟೇ. ಕೈಯಲ್ಲಿ ಚೀಲ. ಹನ್ನೊಂದು ಸೆಕೆಂಡು ಆಕೆ ಏನೂ ಮಾಡುವುದಿಲ್ಲ. ನೂರ ಮೂವತ್ತೆರಡು ಚಿತ್ರ — ಏನೂ ಮಾಡದಿರುವುದಕ್ಕೆ! ಚೀಲ ಈ ಕೈಯಿಂದ ಆ ಕೈಗೆ ಹೋಗುತ್ತದೆ. ಭಾರ ಈ ಕಾಲಿನಿಂದ ಆ ಕಾಲಿಗೆ. ಸೆರಗು ಒಂದು ಕೂದಲೆಳೆ ಏರುತ್ತದೆ, ಇಳಿಯುತ್ತದೆ. ಆಗ ಹಿಂದಿನಿಂದ ನಮ್ಮ ಉಳವಿಯ ಹುಲಿಯಮ್ಮ — ಇಲ್ಲೇ ಇದ್ದಾರೆ, ಕಿಟಕಿಯ ಹತ್ತಿರ — ಗಟ್ಟಿಯಾಗಿ ಅಂದರು: ‘ಅಯ್ಯೋ ಪಾಪ, ಇವತ್ತೂ ಲೇಟು ಕಾಣ್ತದೆ!’

ಹಾಲಿಗೆ ಹಾಲೇ ನಕ್ಕಿತು. ನಾನೂ ನಕ್ಕೆ. ಕದ್ದು ಓದಿಯೂ ನಾನು ಪಂಪು. ಓದದೆಯೂ ಅವರು —

ಎಲ್ಲರೂ ಹೋದ ಮೇಲೆ ಹೊಲಿಗೆ ಕೋಣೆಯಲ್ಲಿ ಕೇಳಿಯೇಬಿಟ್ಟೆ. ‘ಇದನ್ನು ಎಲ್ಲಿ ಕಲಿತಿರಿ ರೀ? ಪುಸ್ತಕದಲ್ಲಿ ಇರಲಿಲ್ಲವಲ್ಲ.’ ನೋಡಿ, ಆಗಲೂ ಸುಳ್ಳು.

ಅವರು ಕೊರಳಲ್ಲಿದ್ದ ಅಳತೆ ಟೇಪು ತೆಗೆದು ನನ್ನ ಎದೆಯ ಸುತ್ತ ಹಾಕಿದರು. ‘ಅಲುಗಬೇಡಿ ಮೇಡಂ. ಬೊಂಬೆ ಹಂಗೆ ನಿಲ್ಲಿ.’ ನಿಂತೆ. ‘ಈಗ ಟೇಪು ನೋಡಿ.’ ಅವರ ಬೆರಳಿನ ಕೆಳಗೆ ಟೇಪು ಸರಿಯುತ್ತಿತ್ತು. ಒಂದಿಷ್ಟು ಆಚೆ, ಒಂದಿಷ್ಟು ಈಚೆ. ‘ಇಪ್ಪತ್ತು ವರ್ಷ ಅಳತೆ ತಗೊಂಡೆ. ಅಲುಗಬೇಡಿ ಅಂತೀನಿ, ಎಲ್ಲರೂ ಹ್ಞೂಂ ಅಂತಾರೆ. ಒಬ್ಬರೂ ನಿಂತಿಲ್ಲ. ನಿಂತವರು ಯಾರೂ ನಿಂತಿರೋದಿಲ್ಲ ಮೇಡಂ.’

ನಿಘಂಟಿನೊಳಗೆ ನಾನು ಬಚ್ಚಿಟ್ಟದ್ದು ಅವರ ಕೊರಳಲ್ಲಿ ನೇತಾಡುತ್ತಿತ್ತು.

ಆಮೇಲೆ ಸೆಪ್ಟೆಂಬರಿನಲ್ಲಿ ಅವರಿಗೆ ಕಾಮಾಲೆ. ಅದು ನಿಮಗೆಲ್ಲ ಗೊತ್ತು. ನಾನು ಜಡೆಯ ಅವರ ಮನೆಗೆ ಮೂರು ಸಲ ಹೋದೆ. ಮೂರು ಸಲವೂ ಆ ಹಾಳೆ ನನ್ನ ಬ್ಯಾಗಿನಲ್ಲಿತ್ತು. ಕೊಡಲು ಹೋದದ್ದೇ. ಮೊದಲನೇ ಸಲ ಮನೆ ತುಂಬ ಜನ, ಆಗಲಿಲ್ಲ. ಎರಡನೇ ಸಲ ಯಾರೂ ಇರಲಿಲ್ಲ — ಆಗಲೂ ಆಗಲಿಲ್ಲ. ಮೂರನೇ ಸಲ ಅವರು ನಿದ್ದೆಯಲ್ಲಿದ್ದರು. ಮೇಘನಾ, ನೀನು ಕಾಫಿ ಮಾಡಲು ಒಳಗೆ ಹೋದೆ. ನಾನು ಹೊದಿಕೆಯನ್ನೇ ನೋಡುತ್ತಾ ಕೂತೆ. ಏರುತ್ತಿತ್ತು, ಇಳಿಯುತ್ತಿತ್ತು. ಬಹಳ ಸಣ್ಣ ಸಣ್ಣ ಹೊಲಿಗೆ. ಕಣ್ಣು ಬಿಟ್ಟರು. ‘ಎಂತ ಮೇಡಂ, ಎಂತದೋ ಹೇಳೋಕೆ ಬಂದಂಗಿದೆ?’

‘ಏನಿಲ್ಲ ರೀ. ಮಲಗಿ.’

ನಾಲ್ಕು ದಿನದ ಮೇಲೆ ಸುದ್ದಿ ಬಂತು.

ಈ ಸಭೆಗೆ ಏನು ಮಾತಾಡಲಿ ಎಂದು ಹೋದ ವಾರ ಆ ಪುಸ್ತಕ ತೆಗೆದೆ. ಮೊದಲ ಪುಟದಲ್ಲಿ ಪರಿವಿಡಿ ಇದೆ. ಎರಡು ವರ್ಷದಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ಒಂದರಿಂದ ಹತ್ತರವರೆಗೆ ಅಂಕಿ. ಒಂಬತ್ತು ಅಂಕಿಗಳ ಪಕ್ಕ ದರ್ಜಿಯ ಸೀಮೆಸುಣ್ಣದಲ್ಲಿ ನೀಲಿ ಗೀಟು. ಹತ್ತರ ಪಕ್ಕ ಗೀಟಿಲ್ಲ. ಒಂದು ಸಣ್ಣ ಸೊನ್ನೆ ಸುತ್ತಿ ಬಿಟ್ಟಿದೆ, ರವಿಕೆಯಲ್ಲಿ ಗುಂಡಿಯ ಜಾಗಕ್ಕೆ ಗುರುತು ಹಾಕುತ್ತಾರಲ್ಲ, ಹಾಗೆ. ಪುಸ್ತಕ ಚನ್ನೇಶನ ಮೇಜಿನ ಮೇಲೆ ಇದ್ದ ಯಾವುದೋ ಭಾನುವಾರ ಹಾಕಿದ್ದಿರಬೇಕು. ಹತ್ತು ಎಂಬ ಅಂಕಿ ಓದಲು ಯಾರಿಗೂ ಇಂಗ್ಲಿಷ್ ಬೇಡ. ನಾನು ಹಾಳೆ ಬಚ್ಚಿಟ್ಟಿದ್ದೆ, ಪರಿವಿಡಿಯನ್ನು ಮರೆತಿದ್ದೆ.

ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬಸ್ಸಿನಲ್ಲಿ ಕಿಟಕಿಯ ಸೀಟು ನನಗೇ ಬಿಡುತ್ತಿದ್ದರು. ನೀವು ‘ಎಷ್ಟು ದೊಡ್ಡ ಮನಸ್ಸು’ ಎನ್ನುತ್ತೀರಿ. ನಾನೂ ಎನ್ನಬೇಕು. ಆದರೆ ನಿಜ ಹೇಳಲಾ? ನನಗೆ ಅದರ ಮೇಲೂ ಹೊಟ್ಟೆಕಿಚ್ಚಾಯಿತು. ಬೈದಿದ್ದರೆ ನಾವಿಬ್ಬರೂ ಸಮ ಆಗುತ್ತಿದ್ದೆವು. ಬೈಯಲಿಲ್ಲ. ಈಗ ನಾನು ಎಷ್ಟು ಬಗ್ಗಿದರೂ ಆ ಸ್ಟೂಲಿನ ಎತ್ತರ ನನಗೆ ಸಿಗುವುದಿಲ್ಲ.

ಚನ್ನೇಶ್, ವೀರಬಸಪ್ಪನವರೆ — ನಿಮ್ಮಿಬ್ಬರಿಗೂ ಸುಳ್ಳು ಹೇಳಿದ್ದೆ. ತಪ್ಪಾಯಿತು. ಆನಂದಪ್ಪನವರೆ, ಮೇಘನಾ — ನಿಮ್ಮ ಮನೆಯ ಕಾಫಿ ಕುಡಿದು, ಕೊಡಬೇಕಾದ್ದನ್ನು ಕೊಡದೆ ಬಂದೆ. ತಪ್ಪಾಯಿತು. ಇದನ್ನು ಮನೆಗೆ ಬಂದು ಹೇಳಬಹುದಿತ್ತು. ಅವರು ಗೊತ್ತಿಲ್ಲದ್ದನ್ನು ಎಲ್ಲರ ಎದುರು ಕೇಳುತ್ತಿದ್ದರು. ನಾನು ಮುಚ್ಚಿಟ್ಟದ್ದನ್ನು ಎಲ್ಲರ ಎದುರು ಹೇಳಬೇಕು ಅನ್ನಿಸಿತು. ಹೊಟ್ಟೆಕಿಚ್ಚು ಹೋಯಿತಾ ಎಂದು ಕೇಳಬೇಡಿ. ಇದೆ. ಇಲ್ಲೇ ಇದೆ. ಅದನ್ನು ಇಟ್ಟುಕೊಂಡೇ ನಿಂತಿದ್ದೇನೆ.

ಆ ಹಾಳೆ ಇದು. ಪ್ರತಿ ಭಾನುವಾರ ಓದುತ್ತಿದ್ದ ಹಾಗೆ, ಇಂಗ್ಲಿಷ್ ನೋಡಿಕೊಂಡು ಕನ್ನಡದಲ್ಲಿ ಹೇಳುತ್ತೇನೆ. ಯಮುನಮ್ಮ, ಕೇಳಿಸಿಕೊಳ್ಳಿ.

‘ಹತ್ತನೇ ಅಭ್ಯಾಸ. ಸುಮ್ಮನೆ ನಿಂತಿರುವ ಮನುಷ್ಯ. ಇದು ಎಲ್ಲಕ್ಕಿಂತ ಕಷ್ಟ, ಅದಕ್ಕೇ ಕೊನೆಗೆ ಇಟ್ಟಿದೆ. ಒಂದೇ ಚಿತ್ರವನ್ನು ಮತ್ತೆ ಮತ್ತೆ ಹಾಕಬೇಡಿ. ಹಾಗೆ ಹಾಕಿದರೆ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ, ಇಲ್ಲಿ ಜೀವ ಇಲ್ಲ ಎಂದು. ನಿಂತವರ ಉಸಿರು ನಿಲ್ಲುವುದಿಲ್ಲ. ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಕಣ್ಣು ಒಮ್ಮೆ ಮಿಟುಕುತ್ತದೆ. ನಿಂತವರು ಏನನ್ನು ನೆನೆಯುತ್ತಿದ್ದಾರೆ ಎಂದು ಮೊದಲು ನಿಮಗೆ ಗೊತ್ತಿರಲಿ. ಆಮೇಲೆ ಬರೆಯಿರಿ.’

ಇಷ್ಟೇ. ಅರ್ಧ ಪುಟ.

ಮೇಘನಾ, ಬಾ ಮಗಾ. ಇದು ನಿಮ್ಮಮ್ಮನದು. ಇಟ್ಟುಕೋ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಕಿಟಕಿಯ ಹೊರಗಿನವರೂ. ಒಂದು ನಿಮಿಷ. ನಮ್ಮ ಲೆಕ್ಕದಲ್ಲಿ ಏಳುನೂರ ಇಪ್ಪತ್ತು ಚಿತ್ರ. ಮಕ್ಕಳೇ, ಮೌನ ಅಂದರೆ ಬಿಗಿಯಾಗಿ ಕಲ್ಲಿನ ಹಾಗೆ ನಿಲ್ಲುವುದು ಎಂದು ನಾನೇ ನಿಮಗೆ ಹೇಳಿಕೊಟ್ಟಿದ್ದೆ. ಅದು ತಪ್ಪು. ಆರಾಮಾಗಿ ನಿಲ್ಲಿ. ಉಸಿರಾಡಿ. ಕಾಲು ನೋವಾದರೆ ಭಾರ ಬದಲಿಸಿ. ಅಕ್ಕೋರು ಟೇಪು ಹಿಡಿದು ನಿಮ್ಮ ಎದುರು ನಿಂತಿದ್ದಾರೆ, ಅಳತೆ ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಂಡು —

ನಿಲ್ಲೋಣ.